ಮಗ ಫ್ರಾಟರ್ನಿಟಿ ಸೇರುತ್ತಿದ್ದಾನೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕಿದೆ. ಗಾಬರಿ ಆಗಬೇಕಾ?

ಮಲ್ಲಿಗೆ_ಅಂಗಳ
ಶನಿವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಊರು ಹಾಸನ, 20 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 19. ಇಲ್ಲಿಂದ ನಾಲ್ಕು ಗಂಟೆ ದೂರದ ಒಂದು ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ "ಅಮ್ಮಾ, ನಂಗೆ ಬಿಡ್ ಸಿಕ್ತು" ಅಂದ. ಏನೋ ಇಂಟರ್ನ್‌ಶಿಪ್ ಇರಬೇಕು ಅಂದುಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಗೊತ್ತಾಯಿತು, ಅದು ಫ್ರಾಟರ್ನಿಟಿಯವರು 'ಬಾ, ನಮ್ಮ ಜೊತೆ ಸೇರು' ಅಂತ ಕೊಡುವ ಕರೆ. ಗ್ರೀಕ್ ಅಕ್ಷರ ಅಂಟಿಸಿದ ದೊಡ್ಡ ಮನೆ, ಒಳಗೆ ಹುಡುಗರ ಗುಂಪು, ಇಲ್ಲಿರುವವರಿಗೆ ಗೊತ್ತಿರುತ್ತೆ. ಈಗ ಇವನು 'ಪ್ಲೆಡ್ಜ್'. ಅಂದರೆ ಇನ್ನೂ ಪೂರ್ತಿ ಒಳಗೆ ಸೇರಿಸಿಕೊಂಡಿಲ್ಲ. ಕೆಲವು ವಾರ ಅವರು ಹೇಳಿದ್ದೆಲ್ಲ ಮಾಡಬೇಕು, ಆಮೇಲೆ 'ಬ್ರದರ್' ಆಗ್ತಾನಂತೆ.

ನಿನ್ನೆ ಸಂಜೆ ಮನೆಗೆ ಬಂದ. ಇವತ್ತು ಬೆಳಿಗ್ಗೆ ಅವನು ಮೆಟ್ಟಿಲು ಇಳಿಯುವುದು ನೋಡಿ ಎದೆ ಧಸಕ್ ಅಂತು. ನಮ್ಮ ಅತ್ತೆ ಮಂಡಿನೋವಲ್ಲಿ ಇಳಿಯುತ್ತಿದ್ದರಲ್ಲ, ಹಾಗೇ. ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು. ತೊಡೆ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗಿದೆ. ಬಾಯಿ ಬಿಡಿಸಿದ ಮೇಲೆ ಹೇಳಿದ್ದು ಇಷ್ಟು: ಗುರುವಾರ ರಾತ್ರಿ 'ಲೈನಪ್' ಇತ್ತಂತೆ. ಬೇಸ್‌ಮೆಂಟ್‌ನಲ್ಲಿ ಲೈಟ್ ಆರಿಸಿ, ಫೋನ್ ಎಲ್ಲ ಒಂದು ದಿಂಬಿನ ಕವರ್‌ಗೆ ಹಾಕಿಸಿಕೊಂಡು, 11 ಹುಡುಗರನ್ನು ಗೋಡೆಗೆ ನಿಲ್ಲಿಸಿ ಫ್ರಾಟರ್ನಿಟಿ ಶುರು ಮಾಡಿದವರ ಹೆಸರು ಕೇಳುವುದು. ಒಬ್ಬ ತಪ್ಪು ಹೇಳಿದರೆ ಹನ್ನೊಂದೂ ಜನ 50 ಸ್ಕ್ವಾಟ್. ಸ್ಕ್ವಾಟ್ ಅಂದರೆ ನಮ್ಮ ಬಸ್ಕಿನೇ, ಕಿವಿ ಹಿಡಿಯೋದೊಂದು ಬಾಕಿ. 400 ಆದ ಮೇಲೆ ಲೆಕ್ಕ ತಪ್ಪಿತು ಅಂತಾನೆ, ನಗ್ತಾ ಹೇಳ್ತಾನೆ ಬೇರೆ.

ಮಧ್ಯಾಹ್ನ ಬಾತ್‌ರೂಮಿನಲ್ಲಿ ಫ್ಲಶ್ ಮಾಡೋಕೆ ಮರೆತಿದ್ದ. ಹೇಳೋಕೆ ಮುಜುಗರ, ಆದರೂ ಹೇಳ್ತೀನಿ. ಫಿಲ್ಟರ್‌ನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಇರುತ್ತಲ್ಲ, ಆ ಬಣ್ಣ. ಕೇಳಿದರೆ "ನೀರು ಕಮ್ಮಿ ಕುಡಿದಿದ್ದೀನಿ ಅಷ್ಟೆ". ನೋವಿಗೆ ಅಂತ ಬೆಳಿಗ್ಗೆ ಎರಡು, ಸಂಜೆ ಎರಡು ಅಡ್ವಿಲ್ ಕೊಟ್ಟಿದ್ದೇನೆ. ನಮ್ಮ ಯಜಮಾನರು "ನಮ್ಮ ಹಾಸ್ಟೆಲ್‌ನಲ್ಲೂ ರ್‍ಯಾಗಿಂಗ್ ಇತ್ತು, ಗಂಡು ಹುಡುಗ, ಸರಿ ಹೋಗ್ತಾನೆ ಬಿಡು" ಅಂತಾರೆ. ಸೋಮವಾರ ಬೆಳಿಗ್ಗೆ ವಾಪಸ್ ಹೋಗ್ತಾನೆ. ಮುಂದಿನ ಶನಿವಾರ 'ಬಿಗ್-ಲಿಟಲ್ ನೈಟ್' ಅಂತ ಏನೋ ಇದೆಯಂತೆ, ಅದರ ಬಗ್ಗೆ ಮಾತ್ರ ಬಾಯಿ ಬಿಡ್ತಿಲ್ಲ.

ನಾನು ಸುಮ್ನೆ ಹೆದರುತ್ತಿದ್ದೀನಾ? ಇದರಿಂದ ದೇಹಕ್ಕೆ ನಿಜವಾಗಲೂ ಏನಾಗುತ್ತೆ, ಗೊತ್ತಿರುವವರು ಹೇಳಿ.


ಎರಡನೇ_ಪಾಳಿ
ಶನಿವಾರ, ರಾತ್ರಿ 10:04

ಅಕ್ಕ, ಓಹಾಯೋದಲ್ಲಿ ಎಮರ್ಜೆನ್ಸಿ ನರ್ಸ್ ನಾನು. ಇದನ್ನು ಓದಿ ಮುಗಿಸಿದ ತಕ್ಷಣ ಅವನನ್ನು ಕಾರಿಗೆ ಹತ್ತಿಸಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಅರ್ಜೆಂಟ್ ಕೇರ್ ಕ್ಲಿನಿಕ್ ಸಾಲದು, ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ.

ಅಲ್ಲಿ ಮೊದಲು ಸಿಗುವ ನರ್ಸ್‌ಗೆ ಕಥೆ ಬೇಡ, ಇಷ್ಟು ಹೇಳಿ: ಎರಡು ದಿನದ ಹಿಂದೆ ನೂರಾರು ಸ್ಕ್ವಾಟ್ ಮಾಡಿದ್ದಾನೆ, ತೊಡೆ ಊದಿದೆ, ಮೂತ್ರ ಕಪ್ಪಗಿದೆ, ಸಿಕೆ (ಸ್ನಾಯು ಒಡೆದರೆ ರಕ್ತದಲ್ಲಿ ಏರುವ ಕಿಣ್ವ) ಮತ್ತು ಪೊಟ್ಯಾಸಿಯಂ ನೋಡಿ. ರ್‍ಯಾಬ್ಡೋ (ಸ್ನಾಯು ಒಡೆದು ಒಳಗಿದ್ದದ್ದು ರಕ್ತಕ್ಕೆ ಸೇರೋದು) ಅನ್ನುವ ಪದ ನೀವೇ ಬಾಯಿಂದ ಹೇಳಿ, ಕುರ್ಚಿಯಲ್ಲಿ ಕಾಯಿಸುವುದು ಕಮ್ಮಿ ಆಗುತ್ತೆ. ಅಡ್ವಿಲ್ ಇನ್ನು ಒಂದೂ ಬೇಡ. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡುತ್ತೆ, ಈಗ ಅವನ ಕಿಡ್ನಿಗೆ ಅದೊಂದು ಬಾಕಿ ಇತ್ತು. ಕೊಟ್ಟಿದ್ದೀರಿ ಅಂತಾನೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಹೊರಟಿರಾ?


ಮಲ್ಲಿಗೆ_ಅಂಗಳ
ಶನಿವಾರ, ರಾತ್ರಿ 10:11

ಹೊರಟೆವು.


ಗಂಡುಮೆಟ್ಟಿನ_ನಾಡು
ಶನಿವಾರ, ರಾತ್ರಿ 10:35

ಏನ್ರೀ ಇದು, ಬಸ್ಕಿ ಹೊಡೆದಿದ್ದಕ್ಕೆ ಎಮರ್ಜೆನ್ಸಿನಾ? ನಾವು ಇಂಜಿನಿಯರಿಂಗ್ ಓದುವಾಗ ಸೀನಿಯರ್‌ಗಳು ರಾತ್ರಿಯಿಡೀ ದಂಡ ಹೊಡೆಸಿದ್ದಾರೆ, ಟೆರೇಸ್ ಮೇಲೆ ಬರೀ ಚಡ್ಡಿಯಲ್ಲಿ ನಿಲ್ಲಿಸಿದ್ದಾರೆ. ಮೂರು ದಿನ ನಡೆಯೋಕಾಗಲಿಲ್ಲ, ನಾಲ್ಕನೇ ದಿನ ಕ್ರಿಕೆಟ್ ಆಡಿದೆವು. ಅದೇ ಸೀನಿಯರ್‌ಗಳು ಇವತ್ತಿಗೂ ನನ್ನ ಆಪ್ತ ಸ್ನೇಹಿತರು. ಈಗಿನ ಮಕ್ಕಳನ್ನು ಬೆಣ್ಣೆಯಲ್ಲಿ ಸಾಕಿದ್ದೀವಿ, ಅದೇ ಪ್ರಾಬ್ಲಂ. ತಾಯಿ ಕರುಳು, ಅರ್ಥ ಆಗುತ್ತೆ. ಆದರೆ ಇಲ್ಲಿಯ ಎಮರ್ಜೆನ್ಸಿ ಬಿಲ್ ಎಷ್ಟು ಅಂತಾನೂ ಒಮ್ಮೆ ಯೋಚನೆ ಮಾಡಿ.


ಕಿಡ್ನಿ_ಡಾಕ್ಟರ್_ಮೈಸೂರು
ಶನಿವಾರ, ರಾತ್ರಿ 11:02

ಇಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಡಿಕಾಕ್ಷನ್ ಅಂತ ಓದಿ ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ. ನರ್ಸ್ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ.

ಗಂಡುಮೆಟ್ಟಿನ ನಾಡು ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಬಸ್ಕಿ ವಿಷಯ ನನಗೆ ಸ್ವಲ್ಪ ಜಾಸ್ತಿನೇ ಗೊತ್ತು. ಕೆಲವು ವರ್ಷದ ಹಿಂದೆ ಒಂದು ಹಾಸ್ಟೆಲ್‌ನಿಂದ 17 ವರ್ಷದ ಹುಡುಗ ಬಂದಿದ್ದ. ಟೆಸ್ಟ್‌ನಲ್ಲಿ ಮಾರ್ಕ್ಸ್ ಕಮ್ಮಿ ಅಂತ 300 ಬಸ್ಕಿ ಶಿಕ್ಷೆ. ಮೂತ್ರ ಕಪ್ಪಗಾಯಿತು. ಮನೆಯವರು ಕಾಮಾಲೆ ಅಂದುಕೊಂಡು ಪಕ್ಕದ ಹಳ್ಳಿಗೆ ಕರೆದುಕೊಂಡು ಹೋಗಿ ಬೇರಿನ ಔಷಧಿ ಕುಡಿಸಿದರು, ಪಥ್ಯ ಮಾಡಿಸಿದರು. ನನ್ನ ಹತ್ತಿರ ಬಂದಾಗ ಐದನೇ ದಿನ. ಮೂತ್ರ ನಿಂತೇ ಹೋಗಿತ್ತು. ಮುಖ ಊದಿಕೊಂಡು ಕಣ್ಣು ಬಿಡೋಕಾಗುತ್ತಿರಲಿಲ್ಲ. ಎರಡು ವಾರ ಡಯಾಲಿಸಿಸ್ ಮಾಡಿದ ಮೇಲೆ ಕಿಡ್ನಿ ಮತ್ತೆ ಕೆಲಸ ಶುರು ಮಾಡಿತು. ಪುಣ್ಯ.

ಆಗುವುದು ಏನು ಅಂದರೆ, ತೊಡೆಯದು ದೇಹದ ಅತಿ ದೊಡ್ಡ ಸ್ನಾಯುಗಳಲ್ಲಿ ಒಂದು. ರೂಢಿಯಿಲ್ಲದವನ ಕೈಲಿ ನಿಲ್ಲಿಸದೆ ನೂರಾರು ಸಲ ಕೂತು ಏಳಿಸಿದರೆ ಆ ಸ್ನಾಯುವಿನ ಕಣಗಳು ಒಡೆದುಹೋಗುತ್ತವೆ. ಅದರಲ್ಲೂ ಏಳುವುದಕ್ಕಿಂತ ಕೂರುವಾಗ ಜಾಸ್ತಿ ಪೆಟ್ಟು. ಒಳಗಿದ್ದದ್ದೆಲ್ಲ ರಕ್ತಕ್ಕೆ ಬರುತ್ತೆ. ಮಯೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತೆ, ಕಾಫಿ ಫಿಲ್ಟರ್ ತೂತು ಕಟ್ಟಿಕೊಂಡ ಹಾಗೆ. ಮೂತ್ರದ ಪಟ್ಟಿ ಅದ್ದಿದರೆ ರಕ್ತ ಇದೆ ಅನ್ನುತ್ತೆ, ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದು ರಕ್ತಕಣವೂ ಇರುವುದಿಲ್ಲ. ಅದೇ ನಮಗೆ ಸುಳಿವು. ಕಿಡ್ನಿಗಿಂತ ಬೇಗ ಕೊಲ್ಲುವುದು ಪೊಟ್ಯಾಸಿಯಂ. ಒಡೆದ ಸ್ನಾಯುವಿನಿಂದ ಅದೂ ರಕ್ತಕ್ಕೆ ಸುರಿಯುತ್ತೆ, ಜಾಸ್ತಿ ಆದರೆ ಹೃದಯದ ಬಡಿತವೇ ತಪ್ಪುತ್ತೆ. ನಗ್ತಾ ಮಾತಾಡುತ್ತಿದ್ದ ಹುಡುಗ ದಿಢೀರ್ ಅಂತ ಬೀಳಬಹುದು.

ಏಟಿನಿಂದಲೂ ಇದೇ ಆಗುತ್ತೆ. ಅಲ್ಲಿ ಪ್ಯಾಡಲ್ ಅಂತ ಮರದ ಹಲಗೆಯಲ್ಲಿ ಕುಂಡೆಗೆ, ತೊಡೆಗೆ ಹೊಡೆಯುವ ಪದ್ಧತಿ ಇದೆಯಂತಲ್ಲ. ಚರ್ಮ ಒಡೆಯದಿದ್ದರೂ ಒಳಗೆ ಸ್ನಾಯು ಜಜ್ಜಿಹೋಗಿರುತ್ತೆ. 2011ರಲ್ಲಿ ಫ್ಲೋರಿಡಾ ಎ ಆ್ಯಂಡ್ ಎಂ ಯೂನಿವರ್ಸಿಟಿಯ ಬ್ಯಾಂಡ್‌ನ ಡ್ರಮ್ ಮೇಜರ್ ರಾಬರ್ಟ್ ಚಾಂಪಿಯನ್ ಸತ್ತಿದ್ದು ಬಸ್ಸಿನೊಳಗೆ ತಿಂದ ಏಟಿನಿಂದ. ರಕ್ತ ಹೊರಗೆ ಹರಿಯಲಿಲ್ಲ, ಚರ್ಮದ ಕೆಳಗಿನ ಮಾಂಸದೊಳಗೇ ಸೋರಿ ಶಾಕ್‌ಗೆ ಹೋದ. ಅದು ಫ್ರಾಟರ್ನಿಟಿ ಅಲ್ಲ, ಬ್ಯಾಂಡ್. ದೇಹಕ್ಕೆ ಆ ವ್ಯತ್ಯಾಸ ಗೊತ್ತಾಗೋದಿಲ್ಲ.

ನಮ್ಮ ಕಾಲದ ಮಾತು ಬಂತಲ್ಲ, ನಮ್ಮ ಕಾಲದಲ್ಲಿ ಸಿಕೆ ಟೆಸ್ಟ್ ಯಾರು ಮಾಡಿಸುತ್ತಿದ್ದರು ಸಾರ್? ಹುಡುಗ ಹೋದರೆ ಕಾಮಾಲೆ, ಬಿಸಿಲು, ಹಾರ್ಟು ಅಂತ ಏನೋ ಒಂದು ಹೇಳಿ ಮುಗಿಸುತ್ತಿದ್ದರು. 2009ರಲ್ಲಿ ಹಿಮಾಚಲದ ಟಾಂಡಾದಲ್ಲಿ ಅಮನ್ ಕಚ್ರೂ ಸೀನಿಯರ್‌ಗಳ ಏಟು ತಿಂದು ಸತ್ತಿದ್ದು ಮೆಡಿಕಲ್ ಕಾಲೇಜಿನಲ್ಲೇ. ಆ ವರ್ಷವೇ ಯುಜಿಸಿ ರ್‍ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮ ತಂದಿದ್ದು.

ಮೇಡಂ, ಒಂದು ಕೇಳೋದು ಮರೆತೆ. ಲೈನಪ್‌ನಲ್ಲಿ 11 ಜನ ಅಂದಿರಿ. ಉಳಿದ ಹತ್ತು ಹುಡುಗರ ಕಥೆ ಏನು?


ಮಲ್ಲಿಗೆ_ಅಂಗಳ
ಭಾನುವಾರ, ಬೆಳಗಿನ ಜಾವ 2:20

ಅಡ್ಮಿಟ್ ಮಾಡಿಕೊಂಡರು. ಸಿಕೆ 46,000. ಸಾಮಾನ್ಯವಾಗಿ 200ರ ಆಸುಪಾಸು ಇರಬೇಕಂತೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.9, ಅದೂ ಜಾಸ್ತಿ. ಪೊಟ್ಯಾಸಿಯಂ ಸ್ವಲ್ಪ ಜಾಸ್ತಿ, ಎದೆಗೆ ವೈರ್ ಅಂಟಿಸಿ ಮಾನಿಟರ್ ಹಾಕಿದ್ದಾರೆ. ಎರಡೂ ಕೈಗೆ ಸಲೈನ್. ಗಂಟೆಗೊಮ್ಮೆ ಬಾಟಲಿಯಲ್ಲಿ ಮೂತ್ರ ಅಳೆದು ಬರೆದುಕೊಂಡು ಹೋಗ್ತಾರೆ, ನಾನು ಪ್ರತಿ ಸಲ ಬಣ್ಣ ನೋಡ್ತೀನಿ. ಡಾಕ್ಟರ್ ತೊಡೆ ಒತ್ತಿ ಒತ್ತಿ ನೋಡಿದರು, ಊತ ಜಾಸ್ತಿ ಆದರೆ ಒಳಗಿನ ಒತ್ತಡ ಇಳಿಸೋಕೆ ತೊಡೆ ಕೊಯ್ದು ಬಿಡಿಸಬೇಕಾಗಬಹುದು ಅಂದರು. ಸದ್ಯ ಬೇಡವಂತೆ.

ಯಜಮಾನರು ಮೂಲೆಯ ಕುರ್ಚಿಯಲ್ಲಿ ಕೂತಿದ್ದಾರೆ. ಎರಡು ಗಂಟೆ ಹೊತ್ತಿನಿಂದ ಮಾತಾಡಿಲ್ಲ.

ನರ್ಸ್ ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ. ಡಾಕ್ಟರೇ, ಉಳಿದ ಹುಡುಗರ ಬಗ್ಗೆ ನನಗೆ ಹೊಳೆದೇ ಇರಲಿಲ್ಲ. ಇವನು ಎದ್ದ ಮೇಲೆ ಕೇಳ್ತೀನಿ. ಇನ್ನೊಂದು, ಆ ಬಿಗ್-ಲಿಟಲ್ ನೈಟ್ ಅಂದರೆ ಏನು? ಇಲ್ಲಿಯ ರೆಸಿಡೆಂಟ್ ಡಾಕ್ಟರ್ ಹುಡುಗಿ ಆ ಹೆಸರು ಕೇಳಿದ ಕೂಡಲೇ ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದಳು.


ಎರಡನೇ_ಪಾಳಿ
ಭಾನುವಾರ, ಬೆಳಿಗ್ಗೆ 7:45

ಅಬ್ಬಾ. ಡ್ಯೂಟಿ ಮುಗಿಸಿ ಬಂದು ಮೊದಲು ಇದನ್ನೇ ತೆರೆದೆ.

ಬಿಗ್-ಲಿಟಲ್ ಅಂದರೆ ಪ್ರತಿ ಪ್ಲೆಡ್ಜ್‌ಗೂ ಒಬ್ಬ 'ಬಿಗ್ ಬ್ರದರ್' ಯಾರು ಅಂತ ತಿಳಿಸುವ ರಾತ್ರಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಎಷ್ಟೋ ಕಡೆ ನಿಜವಾಗಲೂ ಊಟ, ಫೋಟೋ, ಟೀ ಶರ್ಟ್ ಅಷ್ಟರಲ್ಲೇ ಮುಗಿಯುತ್ತೆ. ಕೆಲವು ಕಡೆ ಮಾತ್ರ ಆ ಬಿಗ್ ಬ್ರದರ್ ಒಂದು ಇಡೀ ಬಾಟಲಿ ವಿಸ್ಕಿನೋ ವೋಡ್ಕಾನೋ ಕೈಗೆ ಕೊಡ್ತಾನೆ, ಅದು 'ಫ್ಯಾಮಿಲಿ ಬಾಟಲಿ', ಅದನ್ನು ಮುಗಿಸಬೇಕು. ನಮ್ಮ ಓಹಾಯೋದಲ್ಲೇ 2021ರ ಮಾರ್ಚ್‌ನಲ್ಲಿ ಬೌಲಿಂಗ್ ಗ್ರೀನ್ ಸ್ಟೇಟ್ ಯೂನಿವರ್ಸಿಟಿಯ ಸ್ಟೋನ್ ಫೋಲ್ಟ್ಸ್ ಹೀಗೇ ಹೋದ. 20 ವರ್ಷ. ಒಂದು ಬಾಟಲಿ ಬೂರ್ಬನ್ ಕುಡಿಸಿ ಅವನ ಅಪಾರ್ಟ್‌ಮೆಂಟ್‌ಗೆ ತಂದು ಬಿಟ್ಟು ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಿಸೌರಿ ಯೂನಿವರ್ಸಿಟಿಯ ಇನ್ನೊಬ್ಬ ಹುಡುಗ, ವೋಡ್ಕಾ. ಹೃದಯ ನಿಂತಿತು, ಆಸ್ಪತ್ರೆಯವರು ಮತ್ತೆ ಓಡಿಸಿದರು. ಬದುಕಿದ. ಆದರೆ ಕಣ್ಣು ಹೋಯಿತು, ಮಾತು ಹೋಯಿತು, ನಡಿಗೆ ಹೋಯಿತು. ಆ ಮಗುವಿನ ತಂದೆತಾಯಿ ಬಗ್ಗೆ ಯೋಚನೆ ಮಾಡೋಕೂ ನನಗೆ ಧೈರ್ಯ ಇಲ್ಲ.

ಲೆಕ್ಕ ಸರಳವಾಗಿದೆ. 750 ಎಂಎಲ್ ಬಾಟಲಿ ಅಂದರೆ ಸುಮಾರು 17 ಡ್ರಿಂಕ್. ನಮ್ಮ ಲಿವರ್ ಗಂಟೆಗೆ ಹೆಚ್ಚುಕಮ್ಮಿ ಒಂದನ್ನು ಕರಗಿಸುತ್ತೆ. ಕಾಫಿ ಕುಡಿಸಿ, ತಣ್ಣೀರು ಹುಯ್ಯಿ, ಲಿಂಬೆಹಣ್ಣು ತಿಕ್ಕಿ, ಮಜ್ಜಿಗೆ ಕುಡಿಸಿ, ಅದು ತನ್ನ ವೇಗ ಬದಲಿಸೋದಿಲ್ಲ. ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಇದ್ದರೆ ಇಲ್ಲಿ ಗಾಡಿ ಓಡಿಸುವ ಹಾಗಿಲ್ಲ. 0.4 ದಾಟಿದರೆ ಉಸಿರಾಟ ನಡೆಸುವ ಮೆದುಳಿನ ಭಾಗವೇ ನಿದ್ದೆ ಹೋಗುತ್ತೆ. 2017ರಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಮ್ಯಾಕ್ಸ್ ಗ್ರೂವರ್‌ಗೆ ಇದ್ದದ್ದು 0.495. ಅವನಿಗೂ ಪ್ರಶ್ನೆ ಆಟವೇ, ನಿಮ್ಮ ಮಗನಿಗೆ ಬಸ್ಕಿ ಇದ್ದ ಜಾಗದಲ್ಲಿ ಅವನಿಗೆ ಒಂದೊಂದು ಗುಟುಕು. ವಯಸ್ಸು 18, ಕಾಲೇಜು ಸೇರಿ ಒಂದು ತಿಂಗಳೂ ಆಗಿರಲಿಲ್ಲ.

ಆದರೆ ಅಕ್ಕ, ಇಷ್ಟು ವರ್ಷ ಇದನ್ನು ನೋಡಿ ನನಗೆ ಅನ್ನಿಸಿರುವುದು, ಎಷ್ಟೋ ಹುಡುಗರನ್ನು ಕೊಲ್ಲುವುದು ಬಾಟಲಿಗಿಂತ ಜಾಸ್ತಿ ಆಮೇಲಿನ ಗಂಟೆಗಳು. "ಮಲಗಲಿ ಬಿಡು, ಬೆಳಿಗ್ಗೆ ಇಳಿಯುತ್ತೆ" ಅನ್ನುವ ಮಾತು. ಕೊನೆಯ ಐದಾರು ಪೆಗ್ ಇನ್ನೂ ಹೊಟ್ಟೆಯಲ್ಲೇ ಇರುತ್ತೆ, ಹುಡುಗ ಮಲಗಿದ ಮೇಲೂ ರಕ್ತದಲ್ಲಿ ಏರುತ್ತಲೇ ಹೋಗುತ್ತೆ. ಎಚ್ಚರ ತಪ್ಪಿದವನಿಗೆ ಕೆಮ್ಮಿ ಉಗಿಯುವ ಶಕ್ತಿ ಇರೋದಿಲ್ಲ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ. ಆಮೇಲೆ ಗೊರಕೆ. ಗೊರಕೆ ಹೊಡೀತಿದ್ದಾನೆ, ಚೆನ್ನಾಗಿ ನಿದ್ದೆ ಬಂದಿದೆ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ನಿದ್ದೆಯ ಗೊರಕೆ ಅಲ್ಲ, ನಾಲಗೆ ಹಿಂದಕ್ಕೆ ಬಿದ್ದು ಗಂಟಲು ಅರ್ಧ ಮುಚ್ಚಿರುವ ಸದ್ದು.

ಪೆನ್ ಸ್ಟೇಟ್‌ನ ಟಿಮೊಥಿ ಪಿಯಾಟ್ಸಾ ಕೇಸ್ ಕೇಳಿರಬಹುದು. 2017ರ ಫೆಬ್ರುವರಿ. 82 ನಿಮಿಷದಲ್ಲಿ 18 ಡ್ರಿಂಕ್ ಕೊಟ್ಟಿದ್ದರು. ಬೇಸ್‌ಮೆಂಟ್ ಮೆಟ್ಟಿಲಿನಿಂದ ಬಿದ್ದ. ತಲೆಬುರುಡೆ ಬಿರುಕು, ಗುಲ್ಮ ಅಂತಾರಲ್ಲ, ಸ್ಪ್ಲೀನ್, ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಹೊರಗಿನಿಂದ ನೋಡುವವರಿಗೆ ಬರೀ ಕುಡಿದು ಬಿದ್ದವನು. ಹುಡುಗರು ಅವನ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಕಟ್ಟಿದರು, ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕದಿರಲಿ ಅಂತ! ಯೋಚನೆ ಮಾಡಿ, ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ 911ಕ್ಕೆ (ಇಲ್ಲಿಯ ತುರ್ತು ನಂಬರ್) ಫೋನ್ ಮಾಡಿದ್ದು ಬಿದ್ದ ಸುಮಾರು 12 ಗಂಟೆ ಆದ ಮೇಲೆ. ಅಷ್ಟು ಹೊತ್ತೂ ಆ ಮನೆಯ ಕ್ಯಾಮೆರಾ ಓಡುತ್ತಿತ್ತು, ಕೋರ್ಟಿನಲ್ಲಿ ಎಲ್ಲರೂ ನೋಡಿದರು.

ನನ್ನ ಕಣ್ಣಾರೆ ಕಂಡದ್ದೊಂದು ಹೇಳ್ತೀನಿ. ಒಂದು ಚಳಿಗಾಲ, ರಾತ್ರಿ ಮೂರು ಗಂಟೆ. ಆಂಬ್ಯುಲೆನ್ಸ್ ನಿಲ್ಲುವ ಜಾಗಕ್ಕೆ ಒಂದು ಕಾರು ಬಂತು. ಇಬ್ಬರು ಹುಡುಗರು ಮೂರನೆಯವನನ್ನು ಹಿಂದಿನ ಸೀಟಿನಿಂದ ಎಳೆದು ಇಳಿಸಿದರು. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್, ಅದೂ ಒದ್ದೆ. ಹಣೆ ಮೇಲೆ ಮಾರ್ಕರ್‌ನಲ್ಲಿ ಏನೇನೋ ಬರೆದಿದ್ದರು. ತುಟಿ ನೇರಳೆಹಣ್ಣು ತಿಂದ ಹಾಗಿತ್ತು. ಒಂದು ಉಸಿರು ಬಂತು, ಇನ್ನೊಂದಕ್ಕೆ ಕಾದೆ, ಎಣಿಸಿದೆ, ಹನ್ನೊಂದರವರೆಗೂ ಎಣಿಸಿದೆ. ಎಷ್ಟು ಕುಡಿದ ಅಂತ ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. "ಸ್ವಲ್ಪ" ಅಂದ ಒಬ್ಬ. ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಿದೆವು, ಮೂರನೇ ದಿನ ಕಣ್ಣು ಬಿಟ್ಟ. ಆ ಮಾರ್ಕರ್ ಬರಹ ಸ್ಪಿರಿಟ್ ಹಚ್ಚಿ ಒರೆಸಿದ್ದು ನಾನೇ, ಅವನ ಅಮ್ಮ ಬರುವ ಮೊದಲು.

ಮಗನಿಗೆ, ಅವನ ರೂಮ್‌ಮೇಟ್‌ಗೆ ಇಷ್ಟು ಹೇಳಿಕೊಡಿ. ಜೋರಾಗಿ ಚಿವುಟಿದರೂ ಏಳುತ್ತಿಲ್ಲ, ಉಸಿರಿನ ನಡುವೆ ಹತ್ತು ಸೆಕೆಂಡ್ ಬಿಡುವು, ಮೈ ತಣ್ಣಗೆ, ತುಟಿ ಉಗುರು ನೀಲಿ, ಅಥವಾ ಎಲ್ಲಾದರೂ ತಲೆ ಬಡಿದುಕೊಂಡಿದ್ದಾನೆ. ಇದರಲ್ಲಿ ಒಂದು ಇದ್ದರೂ 911. ಎಲ್ಲವೂ ಸೇರಲಿ ಅಂತ ಕಾಯಬಾರದು. ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂರಬೇಕು, ಬ್ಯಾಗ್ ಕಟ್ಟಿ ಮಹಡಿಗೆ ಹೋಗೋದಲ್ಲ.


ಬಸವನಗುಡಿ_ಹುಡುಗ
ಭಾನುವಾರ, ಬೆಳಿಗ್ಗೆ 11:30

ಆಂಟಿ, ನಾನು 14 ವರ್ಷಕ್ಕೆ ಬೆಂಗಳೂರಿನಿಂದ ಇಲ್ಲಿಗೆ ಬಂದವನು, ಈಗ 27. ಕನ್ನಡ ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ. ನಾನೂ ಪ್ಲೆಡ್ಜ್ ಆಗಿದ್ದೆ, ನಮ್ಮ ಕಡೆ ಹುಡುಗರೇ ಜಾಸ್ತಿ ಇದ್ದ ಒಂದು ಫ್ರಾಟರ್ನಿಟಿ, ಹೆಸರು ಬೇಡ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಯಾಕೆ ಬಿಟ್ಟು ಬರಲ್ಲ ಅಂತ ನಿಮಗೆ ಅನ್ನಿಸ್ತಿರಬಹುದು. ರ್‍ಯಾಗಿಂಗ್ ಹಾಗಲ್ಲ ಇದು. ಅಲ್ಲಿ ಅಡ್ಮಿಷನ್ ಆದರೆ ಸಾಕು, ಕೇಳದೇ ಬರುತ್ತೆ. ಇಲ್ಲಿ ನಾವೇ ಹೋಗಿ ಕೇಳಿಕೊಂಡಿದ್ದು. ಮೊದಲನೇ ವರ್ಷ ಡೈನಿಂಗ್ ಹಾಲ್‌ನಲ್ಲಿ ಒಬ್ಬನೇ ಕೂತು ಊಟ ಮಾಡಿದವನಿಗೆ ದಿಢೀರ್ ಅಂತ ಹತ್ತು ಜನ ಹೆಸರು ಹಿಡಿದು ಕರೀತಾರೆ. ಆರು ವಾರ ಸಹಿಸಿಕೊಂಡಿದ್ದೀನಿ, ಇನ್ನು ಎರಡೇ ವಾರ ಅನ್ನೋ ಲೆಕ್ಕ. ಬಿಟ್ಟರೆ ಅಷ್ಟೂ ಏಟು ದಂಡ.

ನಮ್ಮವರು "ನಾವು ಯಾರಿಗೂ ಕುಡಿಸಲ್ಲ, ಅದಕ್ಕೇ ಸೇಫ್" ಅಂತ ಹೆಮ್ಮೆಯಿಂದ ಹೇಳೋರು. ಕುಡಿಸಿದ್ದು ನೀರು. ಒಬ್ಬೊಬ್ಬನಿಗೂ ಒಂದು ಗ್ಯಾಲನ್ ಕ್ಯಾನ್, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರ್, ಮುಗಿದರೆ ಮತ್ತೆ ತುಂಬಿಸೋದು, ನಡುವೆ ಪುಷ್‌ಅಪ್. ನಾನು ವಾಂತಿ ಮಾಡಿಕೊಂಡೆ, ಬರೀ ನೀರು, ಬಣ್ಣವೇ ಇಲ್ಲ. ಬಹುಶಃ ಅದೇ ಉಳಿಸಿತು. ಪಕ್ಕದವನು ವಾಂತಿ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಶೂ ಲೇಸ್ ಕಟ್ಟೋಕೆ ಕೂತ, ಲೇಸ್ ಇಲ್ಲದ ಚಪ್ಪಲಿಗೆ. ಕಟ್ಟುತ್ತಾನೇ ಇದ್ದ. ನಾವೆಲ್ಲ ನಕ್ಕೆವು, ಆಂಟಿ. ನಾನೂ ನಕ್ಕೆ. ಆಮೇಲೆ ಫಿಟ್ಸ್ ಬಂತು. ಒಬ್ಬ ಸೀನಿಯರ್‌ಗೆ ಬುದ್ಧಿ ಇತ್ತು, ಆಂಬ್ಯುಲೆನ್ಸ್ ಕರೆದ. ಸೋಡಿಯಂ 117 ಇತ್ತಂತೆ, 135ರ ಮೇಲೆ ಇರಬೇಕಾದದ್ದು. ರಕ್ತದ ಉಪ್ಪು ತೆಳ್ಳಗಾಗಿ ನೀರೆಲ್ಲ ಮೆದುಳಿಗೆ ಹೋಗಿ ಅದು ಊದುತ್ತೆ, ತಲೆಬುರುಡೆ ಒಳಗೆ ಊದೋಕೆ ಜಾಗ ಎಲ್ಲಿದೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಕಿಡ್ನಿಗೆ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಹೊರಹಾಕೋಕೆ ಆಗೋದಂತೆ.

ಇದು ಹೊಸದೂ ಅಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಚೀಕೊದಲ್ಲಿ ಮ್ಯಾಥ್ಯೂ ಕ್ಯಾರಿಂಗ್ಟನ್ ಹೀಗೇ ನೀರು ಕುಡಿದು ಸತ್ತ, ತಣ್ಣನೆ ಬೇಸ್‌ಮೆಂಟ್, ಮೇಲಿಂದ ಫ್ಯಾನ್ ಗಾಳಿ. ಅವನ ಹೆಸರಲ್ಲಿ ಕಾನೂನೇ ಇದೆ, ಮ್ಯಾಟ್ಸ್ ಲಾ. ನಾನು ಅದೇ ರಾಜ್ಯದಲ್ಲಿ ಓದಿದವನು, ನನಗೆ ಗೊತ್ತಿರಲಿಲ್ಲ.

ಇನ್ನೊಂದು ಹೇಳಲೇಬೇಕು. ನಮ್ಮ ತಂದೆತಾಯಂದಿರು "ಇದೆಲ್ಲ ಬಿಳಿಯರ ಹುಡುಗರದ್ದು" ಅಂದುಕೊಂಡಿರ್ತಾರೆ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಮೈಕೆಲ್ ಡೆಂಗ್ ಸೇರಲು ಹೊರಟಿದ್ದು ಏಷಿಯನ್-ಅಮೆರಿಕನ್ ಫ್ರಾಟರ್ನಿಟಿ. ಪೊಕೊನೊಸ್ ಬೆಟ್ಟದ ಬಾಡಿಗೆ ಮನೆ, ಹೊರಗೆ ಕೊರೆಯುವ ಚಳಿ. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ 30 ಪೌಂಡ್ ಮರಳಿನ ಚೀಲ ಹಾಕಿ, ಕತ್ತಲಲ್ಲಿ ನಡೆಸಿ ಅಡ್ಡ ಬಂದು ಬೀಳಿಸೋದು. ಅದಕ್ಕೆ 'ಗ್ಲಾಸ್ ಸೀಲಿಂಗ್' ಅಂತ ಹೆಸರು. ಏಷ್ಯಾದಿಂದ ಬಂದವರು ಈ ದೇಶದಲ್ಲಿ ಪಟ್ಟ ಕಷ್ಟ ನೆನಪಿಸೋಕಂತೆ! ನಮ್ಮಪ್ಪ ಅಮ್ಮ ಪಟ್ಟ ಕಷ್ಟ ತಿಳಿಯೋಕೆ ನನ್ನ ತಲೆ ಒಡೀಬೇಕಾ? ಅವನು ಬಿದ್ದು ಎಚ್ಚರ ತಪ್ಪಿದ ಮೇಲೆ ಬಟ್ಟೆ ಬದಲಾಯಿಸಿದರು, ಗೂಗಲ್‌ನಲ್ಲಿ ಹುಡುಕಿದರು, 911 ಮಾಡದೆ ಆಮೇಲೆ ಕಾರಿನಲ್ಲಿ ತೆಗೆದುಕೊಂಡು ಹೋದರು. ಮರುದಿನ ಹೋಗಿಬಿಟ್ಟ. ತಲೆಗೆ ಪೆಟ್ಟು ಬಿದ್ದವನಿಗೆ ನಿಮಿಷದ ಲೆಕ್ಕ, ಅಲ್ವಾ ನರ್ಸ್ ಅಕ್ಕ?


ಗಂಡುಮೆಟ್ಟಿನ_ನಾಡು
ಭಾನುವಾರ, ಮಧ್ಯಾಹ್ನ 1:15

46,000 ನೋಡಿ ಸುಮ್ಮನಾದೆ. ಡಾಕ್ಟರೇ, ನಮ್ಮ ಬ್ಯಾಚಿನಲ್ಲಿ ಒಬ್ಬ 'ಕಾಮಾಲೆ' ಅಂತ ಊರಿಗೆ ಹೋದವನು ಒಂದು ಸೆಮಿಸ್ಟರ್ ವಾಪಸ್ ಬರಲೇ ಇಲ್ಲ. ನಿನ್ನೆ ರಾತ್ರಿಯಿಂದ ಅವನೇ ತಲೆಯಲ್ಲಿ ಕೊರೀತಿದ್ದಾನೆ. ಆಗ ನಾವು ಅವನನ್ನು ಎಷ್ಟು ಆಡಿಕೊಂಡಿದ್ದೆವು.

ನನ್ನ ಮಗಳು ಮುಂದಿನ ವರ್ಷ ಕಾಲೇಜಿಗೆ. ಒಂದು ಪ್ರಶ್ನೆ: ಇಲ್ಲಿ 21ರ ಒಳಗೆ ಕುಡಿಯುವ ಹಾಗಿಲ್ಲ. 911 ಕರೆದರೆ ಪೊಲೀಸೂ ಬರ್ತಾರೆ. ಕರೆದ ಮಗುವಿನ ಮೇಲೇ ಕೇಸ್ ಆಗಲ್ವಾ?


ಎರಡನೇ_ಪಾಳಿ
ಭಾನುವಾರ, ಸಂಜೆ 5:40

ನಿದ್ದೆ ಮಾಡಿ ಈಗ ಎದ್ದೆ. ಬಸವನಗುಡಿ ತಮ್ಮಾ, ಹೌದು ಕಣಪ್ಪ. ತಲೆ ಪೆಟ್ಟಿನಲ್ಲಿ ಕೆಲವರು ಮೊದಲು ಎದ್ದು ಚೆನ್ನಾಗಿಯೇ ಮಾತಾಡ್ತಾರೆ, ಎರಡು ಮೂರು ಗಂಟೆ ಬಿಟ್ಟು ಒಳಗೆ ರಕ್ತ ಕಟ್ಟಿ ಮಲಗಿದವರು ಏಳೋದಿಲ್ಲ. ಅದಕ್ಕೇ ಪೆಟ್ಟು ಬಿದ್ದದ್ದು ಗೊತ್ತಿದ್ದರೆ ಹುಡುಗ ನಗುತ್ತಿದ್ದರೂ ಕರೆತನ್ನಿ ಅನ್ನೋದು. ನಿನ್ನ ಆ ಗೆಳೆಯ ಈಗ ಹೇಗಿದ್ದಾನೆ?

ಗಂಡುಮೆಟ್ಟಿನ ನಾಡು ಅಣ್ಣ, ಒಳ್ಳೆ ಪ್ರಶ್ನೆ. ಹುಡುಗರು ಕರೆಯದಿರೋಕೆ ದೊಡ್ಡ ಕಾರಣ ಇದೇ ಭಯ. ಬಹಳ ರಾಜ್ಯಗಳಲ್ಲಿ ಮೆಡಿಕಲ್ ಆಮ್ನೆಸ್ಟಿ ಕಾನೂನು ಇದೆ. ಕರೆದು, ಅಲ್ಲೇ ನಿಂತು, ನಿಜ ಹೇಳಿದವರ ಮೇಲೆ ವಯಸ್ಸಾಗದೆ ಕುಡಿದ ಕೇಸ್ ಹಾಕೋದಿಲ್ಲ. ರಾಜ್ಯಕ್ಕೆ ರಾಜ್ಯ ವಿವರ ಬೇರೆ, ಮಗಳ ಕಾಲೇಜು ಇರುವ ರಾಜ್ಯದ್ದು ಓದಿಟ್ಟುಕೊಳ್ಳಿ. ಸುಮ್ಮನಿದ್ದರೆ ಮಾತ್ರ ಕೇಸ್ ಗ್ಯಾರಂಟಿ ಅನ್ನೋ ಹಾಗಾಗಿದೆ ಈಗ. ಓಹಾಯೋದಲ್ಲಿ 2021ರ ಕಾಲಿನ್ಸ್ ಲಾ ಬಂದ ಮೇಲೆ ಹೀಗೆ ಬಲವಂತವಾಗಿ ಕುಡಿಸಿ ಹಾನಿ ಮಾಡಿದರೆ ಫೆಲನಿ, ಅಂದರೆ ಗಂಭೀರ ಅಪರಾಧ. ಲೂಸಿಯಾನಾ, ಪೆನ್ಸಿಲ್ವೇನಿಯಾದಲ್ಲೂ 2018ರಲ್ಲೇ ಗ್ರೂವರ್, ಪಿಯಾಟ್ಸಾ ಹೆಸರಲ್ಲಿ ಕಾನೂನು ಬಂತು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಆಯಿತು. ಹೇಜಿಂಗ್ ಅಂದರೆ ಗುಂಪಿಗೆ ಸೇರಿಸಿಕೊಳ್ಳೋಕೆ ಹೀಗೆ ಹಿಂಸೆ ಕೊಡೋದು. ಯಾವ ಗುಂಪು ಇದರಲ್ಲಿ ಸಿಕ್ಕಿಬಿದ್ದಿದೆ ಅಂತ ಕಾಲೇಜು ತನ್ನ ವೆಬ್‌ಸೈಟಿನಲ್ಲೇ ಹಾಕಬೇಕು. ಸೇರುವ ಮೊದಲು ಆ ಪಟ್ಟಿ ತೆಗೆದು ನೋಡಿ. ಮಗಳು ಸೊರಾರಿಟಿ ಅಂದರೂ ನೋಡಿ, ಹುಡುಗಿಯರದು ಬೇರೆ ಕಥೆ ಅಂತೇನಿಲ್ಲ. ಹೆಸರು ಹೇಳದೆ ದೂರು ಕೊಡೋಕೆ 1-888-668-4293 ಇದೆ.


ಬಸವನಗುಡಿ_ಹುಡುಗ
ಭಾನುವಾರ, ಸಂಜೆ 6:05

ಚೆನ್ನಾಗಿದ್ದಾನೆ ಅಕ್ಕ, ಹೋದ ವರ್ಷ ಮದುವೆ ಆಯಿತು. ಆ ರಾತ್ರಿ ಮಾತ್ರ ಅವನಿಗೆ ಒಂದು ಚೂರೂ ನೆನಪಿಲ್ಲ. ನಾನು ನಕ್ಕಿದ್ದೂ ನೆನಪಿಲ್ಲ.


ಮಲ್ಲಿಗೆ_ಅಂಗಳ
ಭಾನುವಾರ, ರಾತ್ರಿ 8:30

ಎಲ್ಲರಿಗೂ ಒಟ್ಟಿಗೆ ಬರೀತಿದ್ದೀನಿ. ಸಿಕೆ ಸಂಜೆಗೆ 38,000. ಪೊಟ್ಯಾಸಿಯಂ ಸರಿ ಹೋಯಿತು. ಮೂತ್ರ ಈಗ ಡಿಕಾಕ್ಷನ್ ಅಲ್ಲ, ಲೈಟ್ ಚಹಾ. ಇನ್ನು ಎರಡು ಮೂರು ದಿನ ಇಲ್ಲೇ.

ನಿಮ್ಮೆಲ್ಲರ ಮಾತನ್ನು ಅವನಿಗೆ ಓದಿ ಹೇಳಿದೆ, ಕನ್ನಡ ಓದೋಕೆ ಬರಲ್ಲ ಅವನಿಗೆ. ನೀರಿನ ವಿಷಯ ಬಂದಾಗ "ಅದು ನಮಗೆ ಬುಧವಾರ ಇದೆ" ಅಂದ. ಅಷ್ಟೇ. ಯಜಮಾನರು ಎದ್ದು ಹೊರಗೆ ಹೋದರು, ಕಾರಿಡಾರ್‌ನಲ್ಲಿ ಅತ್ತಿದ್ದಾರೆ, ಕಣ್ಣು ಕೆಂಪಗಿತ್ತು.

ಡಾಕ್ಟರೇ, ನೀವು ಕೇಳಿದ ಪ್ರಶ್ನೆ ಅವನಿಗೂ ಕೇಳಿದೆ. ಆಗ ಫೋನ್ ತೆಗೆದು ಪ್ಲೆಡ್ಜ್‌ಗಳ ಗ್ರೂಪ್‌ನಲ್ಲಿ ತನ್ನ ಸಲೈನ್ ಕೈಯ ಫೋಟೋ ಹಾಕಿ, ಯಾರದ್ದಾದರೂ ಮೂತ್ರ ಕಪ್ಪಗಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ ಅಂತ ಬರೆದ. ಆ ಗ್ರೂಪ್‌ನಲ್ಲಿ ಒಬ್ಬ ಬ್ರದರ್ ಕೂಡ ಇದ್ದಾನೆ ಅಂತ ಇವನಿಗೆ ಗೊತ್ತಿತ್ತು. ನಾಲ್ಕು ನಿಮಿಷದಲ್ಲಿ ಇವನನ್ನು ಗ್ರೂಪ್‌ನಿಂದ ತೆಗೆದರು. ಆದರೆ ಅಷ್ಟರಲ್ಲಿ ನೋಡಿದ ಇಬ್ಬರು ಕ್ಯಾಂಪಸ್ ಕ್ಲಿನಿಕ್‌ಗೆ ಹೋಗಿದ್ದಾರಂತೆ. ಮೂರನೆಯವನು ಬೇರೆಯಾಗಿ ಒಂದು ಫೋಟೋ ಕಳಿಸಿದ, ಏನೂ ಬರೆಯದೆ. ಅದೇ ಬಣ್ಣ. ಇವನು ಫೋನ್ ಮಾಡಿದರೆ "ನಾಳೆ ಕೆಮಿಸ್ಟ್ರಿ ಕ್ವಿಜ್ ಇದೆ, ಮುಗಿಸಿಕೊಂಡು ಹೋಗ್ತೀನಿ" ಅಂದನಂತೆ, ಆಮೇಲೆ ಎತ್ತುತ್ತಿಲ್ಲ.

ಹೇಗೋ ಅವನ ಅಮ್ಮನ ನಂಬರ್ ಸಿಕ್ಕಿದೆ. ಯಾರೋ ಏನೋ, ನಾನು ಯಾರು ಅಂತಾನೇ ಗೊತ್ತಿಲ್ಲದವರಿಗೆ ನಿಮ್ಮ ಮಗನ ಮೂತ್ರದ ಬಣ್ಣ ಹೀಗಿದೆ ಅಂತ ಹೇಗೆ ಶುರು ಮಾಡೋದು? ಒಂದು ಸಲ ಮಾಡಿದೆ, ವಾಯ್ಸ್‌ಮೇಲ್‌ಗೆ ಹೋಯಿತು. ಮತ್ತೆ ಮಾಡ್ತಿದ್ದೀನಿ.